ಗೂಢಚಾರನ ಅಣಕ: ಕನ್ನಡ ಚಲಚ್ಚಿತ್ರದಲ್ಲಿ ವೀರಾಭಾಸದ ಹಾಸ್ಯ

೧

ಬೇಹುಗಾರರ ಸಾಹಸವನ್ನು ವಸ್ತುವಾಗಿ ಉಳ್ಳ ಚಲಚ್ಚಿತ್ರಗಳದು ಒಂದು ವರ್ಗ. ಅವನ್ನು ಅಣಕಿಸಿ ನಗಿಸುವ ಚಲಚ್ಚಿತ್ರಗಳದು ಇನ್ನೊಂದು ವರ್ಗ. ಮೊದಲನೆಯದರ ಆಕರ್ಷಣೆಗೆ ಕಾರಣ ಹುಡುಕುವುದು ಕಷ್ಟವಲ್ಲ. ಅಪಾಯ, ವೇಷಾಂತರ, ವಿಲಕ್ಷಣ ಯಂತ್ರಗಳು, ದೂರದ ಊರುಗಳು, ಕೊನೆಗೆ ಜಯ ಇವು ಎಲ್ಲ ಕಾಲದ ಪ್ರೇಕ್ಷಕರನ್ನೂ ಸೆಳೆಯತಕ್ಕವೇ. ಎರಡನೆಯದರ ಆಕರ್ಷಣೆ ಅಷ್ಟು ಸುಲಭವಾಗಿ ವಿವರಣೆಗೆ ಸಿಕ್ಕುವುದಿಲ್ಲ. ತಾನು ಮೆಚ್ಚಿದ ವೀರನನ್ನೇ ಪೆದ್ದನನ್ನಾಗಿ ತೋರಿಸಿದಾಗ ಪ್ರೇಕ್ಷಕನು ಸಿಟ್ಟಾಗದೆ ನಗುವುದೇಕೆ? ಹಾಗೆ ನಗುವಾಗ ಅವನು ನಗುವುದು ಯಾರನ್ನು ಕಂಡು? ಈ ಎರಡು ಪ್ರಶ್ನೆಗಳನ್ನು ಕನ್ನಡದ ನಿದರ್ಶನಗಳ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕನಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ಅದಕ್ಕೆ ಒಂದು ಸಣ್ಣ ಪ್ರಸಂಗವೇ ಕಾರಣ. ವಿದ್ಯಾಗಿರಿಯಲ್ಲಿ ಪದವಿ ತರಗತಿಯ ವಿದ್ಯಾರ್ಥಿಗಳಿಗೆ ೧೯೬೦ರ ದಶಕದ ಕರ್ನಾಟಕವನ್ನು ಕುರಿತು ಪಾಠ ಹೇಳುವಾಗ, ಆ ಕಾಲದ ಉಡುಗೆ ತೊಡುಗೆ, ನಗರಜೀವನ, ಮಾತಿನ ರೀತಿ ಇವುಗಳ ಪರಿಚಯವಾಗಲೆಂದು ದೊರೈ–ಭಗವಾನ್ ಅವರು ನಿರ್ದೇಶಿಸಿದ ‘ಜೇಡರ ಬಲೆ’ (೧೯೬೮) ಚಿತ್ರದ ಕೆಲವು ದೃಶ್ಯಗಳನ್ನು ತೋರಿಸಿದೆನು. ನಾಯಕನು ಗಂಭೀರವಾಗಿ ನಡೆದು ಬಂದೊಡನೆ ತರಗತಿಯು ನಗತೊಡಗಿತು. ನಾನೂ ನಕ್ಕೆನು. ಆ ಚಿತ್ರವನ್ನು ಹೊಸದರಲ್ಲಿ ನೋಡಿದ್ದ ನಮ್ಮ ಮನೆತನದ ಹಿರಿಯರೊಬ್ಬರಿಗೆ ಈ ಸಂಗತಿಯನ್ನು ಹೇಳಿದಾಗ ಅವರು ನಗಲಿಲ್ಲ. “ನಿಮಗ ನಗಿ ಬರತೈತಿ, ನಮಗ ಅವತ್ತ ಎದಿ ಝಲ್ ಅಂದಿತ್ತು” ಎಂದಷ್ಟೇ ಅಂದರು. ಒಂದೇ ದೃಶ್ಯವು ಒಂದು ತಲೆಮಾರಿಗೆ ವೀರವಾಗಿಯೂ ಇನ್ನೊಂದು ತಲೆಮಾರಿಗೆ ಹಾಸ್ಯವಾಗಿಯೂ ಕಂಡದ್ದು ಹೇಗೆ? ಇದು ರಸದ ಪ್ರಶ್ನೆಯಾಗಿರುವಷ್ಟೇ ಇತಿಹಾಸದ ಪ್ರಶ್ನೆಯೂ ಆಗಿದೆ. ಗತಕಾಲದವರು ಗಂಭೀರವಾಗಿ ತಿಳಿದುದನ್ನು ಕಂಡು ನಗುವವನು ಆ ಕಾಲವನ್ನು ಅರಿತಿದ್ದಾನೆಯೇ, ಇಲ್ಲವೇ ಎಂಬುದು ನಮ್ಮ ಶಾಸ್ತ್ರದ ಮೂಲಕ್ಕೇ ಸಂಬಂಧಿಸಿದ ಮಾತು.

೨

ಅಣಕವು ಮೊದಲು ಹುಟ್ಟಿದ ಕಡೆಯನ್ನು ನೋಡೋಣ. ಇಯಾನ್ ಫ್ಲೆಮಿಂಗ್ ಅವರ ಮೊದಲ ಜೇಮ್ಸ್ ಬಾಂಡ್ ಕಾದಂಬರಿ ಹೊರಬಂದುದು ೧೯೫೩ರಲ್ಲಿ. ಬಾಂಡನನ್ನು ಲೋಕಕ್ಕೆಲ್ಲ ಪರಿಚಯಿಸಿದ ‘ಡಾಕ್ಟರ್ ನೋ’ ಚಲಚ್ಚಿತ್ರ ತೆರೆಗೆ ಬಂದುದು ೧೯೬೨ರಲ್ಲಿ. ಎರಡೇ ವರ್ಷಗಳಲ್ಲಿ, ಎಂದರೆ ೧೯೬೪ರಲ್ಲಿ, ಇಂಗ್ಲೆಂಡಿನಲ್ಲಿ ‘ಕ್ಯಾರಿ ಆನ್ ಸ್ಪೈಯಿಂಗ್’ ಎಂಬ ಅಣಕಚಿತ್ರ ಸಿದ್ಧವಾಯಿತು. ೧೯೬೫ರಲ್ಲಿ ಅಮೆರಿಕದ ದೂರದರ್ಶನದಲ್ಲಿ ‘ಗೆಟ್ ಸ್ಮಾರ್ಟ್’ ಎಂಬ ಹಾಸ್ಯಮಾಲಿಕೆ ಮೊದಲಾಗಿ ೧೯೭೦ರ ವರೆಗೆ ನಡೆಯಿತು. ೧೯೬೭ರಲ್ಲಿ ಫ್ಲೆಮಿಂಗ್ ಅವರ ‘ಕ್ಯಾಸಿನೋ ರೊಯಾಲ್’ ಕಾದಂಬರಿಯ ಹೆಸರನ್ನೇ ಹೊತ್ತು ಒಂದು ಅಣಕಚಿತ್ರ ಬಂದಿತು. ಮೂಲವೂ ಅಣಕವೂ ಹೆಚ್ಚು ಕಡಮೆ ಜೊತೆಜೊತೆಗೆ ಬೆಳೆದವು ಎನ್ನಬಹುದು.

ಈ ತ್ವರೆಗೆ ಚಾರಿತ್ರಿಕ ಕಾರಣ ಉಂಟು. ಬರ್ಗೆಸ್ ಮತ್ತು ಮ್ಯಾಕ್ಲೀನ್ ಎಂಬ ಇಬ್ಬರು ಬ್ರಿಟಿಷ್ ಅಧಿಕಾರಿಗಳು ೧೯೫೧ರಲ್ಲಿ ಸೋವಿಯತ್ ಪಕ್ಷಕ್ಕೆ ಓಡಿಹೋದರು. ೧೯೫೬ರ ಸೂಯೆಜ್ ಪ್ರಕರಣದಲ್ಲಿ ಬ್ರಿಟನ್ನಿನ ಸಾಮ್ರಾಜ್ಯಬಲವು ಬರಿದಾದುದು ಲೋಕಕ್ಕೆ ತಿಳಿಯಿತು. ೧೯೬೩ರಲ್ಲಿ, ಹಿಂದೆ ಗುಪ್ತಚರ ಇಲಾಖೆಯ ಉನ್ನತ ಪದವಿಯಲ್ಲಿದ್ದ ಕಿಮ್ ಫಿಲ್ಬಿಯೇ ಮಾಸ್ಕೋ ಸೇರಿದನು. ವಾಸ್ತವದ ಬೇಹುಗಾರನು ಹೀಗೆ ಸೋಲುತ್ತಿರುವಾಗ ತೆರೆಯ ಮೇಲಿನ ಬೇಹುಗಾರನು ಎಂದೂ ಸೋಲದವನಾದನು. ಬಾಂಡನು ಕಳೆದುಹೋದ ಪ್ರಭುತ್ವಕ್ಕೆ ಸಮಾಧಾನ. ಸಮಾಧಾನವೆಂದು ಎಲ್ಲರಿಗೂ ಒಳಗೊಳಗೇ ತಿಳಿದಿದ್ದ ಕಾರಣದಿಂದಲೇ ಅಣಕಕಾರನು ಬಾಯಿ ತೆರೆದೊಡನೆ ಜನರು ನಕ್ಕರು.

‘ಗೆಟ್ ಸ್ಮಾರ್ಟ್’ ಮಾಲಿಕೆಯ ಒಂದು ಯುಕ್ತಿಯನ್ನು ಇಲ್ಲಿ ನಿದರ್ಶನವಾಗಿ ಕೊಡಬಹುದು. ರಹಸ್ಯ ಮಾತುಕತೆ ಹೊರಗೆ ಕೇಳಬಾರದೆಂದು ಅಧಿಕಾರಿಯೂ ಬೇಹುಗಾರನೂ ಒಂದು ಪಾರದರ್ಶಕ ಗವಸಣಿಗೆಯೊಳಗೆ ತಲೆ ಹುದುಗಿಸುತ್ತಾರೆ. ಅದರೊಳಗೆ ಕುಳಿತವರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ರಹಸ್ಯವು ಎಷ್ಟು ಭದ್ರವಾಗಿದೆಯೆಂದರೆ, ಯಾರಿಗೆ ಹೇಳಬೇಕೋ ಅವರಿಗೂ ತಲಪುವುದಿಲ್ಲ! ಇದು ಕೇವಲ ಕೋಡಂಗಿತನವಲ್ಲ. ರಹಸ್ಯವನ್ನು ಕಾಯುವುದೇ ಮುಖ್ಯವಾಗಿ, ಏಕೆ ಕಾಯಬೇಕೆಂಬುದನ್ನು ಮರೆತ ಸರಕಾರಿ ಯಂತ್ರದ ಮೇಲಿನ ಟೀಕೆ ಇದರಲ್ಲಿದೆ. ಸುಂಕದ ಕಟ್ಟೆಯಿಂದ ಮಂತ್ರಾಲಯದ ವರೆಗೆ ಯಾವುದಾದರೊಂದು ಕಚೇರಿಯ ಮುಂದೆ ಕಾದು ನಿಂತ ಅನುಭವವುಳ್ಳ ಯಾವ ದೇಶದವನೂ ಇದನ್ನು ಕಂಡು ನಗಬಲ್ಲನು.

ಆದುದರಿಂದ ಈ ಬಗೆಯ ಹಾಸ್ಯದ ಮೊದಲನೆಯ ಆಕರ್ಷಣೆ ಇದು: ತಾನು ಕಾಣಲಾಗದ ಎತ್ತರದಲ್ಲಿ, ತನಗೆ ತಿಳಿಯಗೊಡದ ರೀತಿಯಲ್ಲಿ ತನ್ನ ಅದೃಷ್ಟವನ್ನು ನಿರ್ಣಯಿಸುವವರು ತನ್ನಂತೆಯೇ ಎಡವುವವರು ಎಂಬ ಅರಿವು ಸಾಮಾನ್ಯನಿಗೆ ಕೊಡುವ ನೆಮ್ಮದಿ.

೩

ಈ ವಿವರಣೆಯನ್ನು ಕನ್ನಡಕ್ಕೆ ಅನ್ವಯಿಸಹೊರಟರೆ ಒಂದು ತೊಡಕು ಎದುರಾಗುತ್ತದೆ. ಕನ್ನಡದಲ್ಲಿ ಗೂಢಚಾರನ ಸರಣಿ ಆರಂಭವಾದುದು ೧೯೬೮ರಲ್ಲಿ. ಡಾ. ರಾಜಕುಮಾರ್ ಅವರು ಸಿ.ಐ.ಡಿ. ೯೯೯ ಆಗಿ ಅಭಿನಯಿಸಿದ ‘ಜೇಡರ ಬಲೆ’ಯ ಹಿಂದೆಯೇ ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. ೯೯೯’, ೧೯೬೯ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯’, ಬಹಳ ಅಂತರದ ಮೇಲೆ ೧೯೭೮ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ನಾಲ್ಕನ್ನೂ ದೊರೈ–ಭಗವಾನ್ ಜೋಡಿಯೇ ನಿರ್ದೇಶಿಸಿತು. ಈ ಸರಣಿಯನ್ನು ನೆನಪಿನಲ್ಲಿಟ್ಟುಕೊಂಡೇ ನಗುವ, ಜನರು ವ್ಯಾಪಕವಾಗಿ ನೋಡಿ ಮೆಚ್ಚಿದ ಚಿತ್ರವೆಂದರೆ ಜಯತೀರ್ಥ ಅವರು ನಿರ್ದೇಶಿಸಿದ ‘ಬೆಲ್ ಬಾಟಂ’. ಅದು ಬಂದುದು ೨೦೧೯ರಲ್ಲಿ. ಇಂಗ್ಲೆಂಡಿನಲ್ಲಿ ೨ ವರ್ಷ ಹಿಡಿದ ಕೆಲಸಕ್ಕೆ ಇಲ್ಲಿ ೫೧ ವರ್ಷ ಹಿಡಿಯಿತು. ಕನ್ನಡಿಗರಿಗೆ ಹಾಸ್ಯಪ್ರಜ್ಞೆ ಕಡಮೆಯೆಂದು ಯಾರೂ ಹೇಳಲಾರರು. ಹಾಗಾದರೆ ಈ ವಿಳಂಬವೇಕೆ?

ಉತ್ತರವು ‘ಸಿ.ಐ.ಡಿ.’ ಎಂಬ ಮೂರು ಅಕ್ಷರಗಳ ಚರಿತ್ರೆಯಲ್ಲಿದೆಯೆಂದು ನನ್ನ ಅಭಿಪ್ರಾಯ. ೧೯೦೨–೦೩ರ ಪೊಲೀಸ್ ಆಯೋಗದ ಶಿಫಾರಸಿನಂತೆ ಬ್ರಿಟಿಷ್ ಪ್ರಾಂತಗಳಲ್ಲಿ ಈ ಶಾಖೆ ಸ್ಥಾಪಿತವಾಯಿತು. ಅಪರಾಧಗಳ ಶೋಧನೆಯಷ್ಟೇ ಅಲ್ಲ, ರಾಜಕೀಯ ಚಟುವಟಿಕೆಗಳ ಮೇಲೆ ಕಣ್ಣಿಡುವುದೂ ಅದರ ಕಾರ್ಯವಾಯಿತು. ಇಂದಿನ ಬಾಗಲಕೋಟೆ ಜಿಲ್ಲೆಯ ಪ್ರದೇಶವು ಬಹುಮಟ್ಟಿಗೆ ಆಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದಿತು. ಕಾಯಿದೆಭಂಗದ ಮತ್ತು ೧೯೪೨ರ ಚಳವಳಿಯ ದಿನಗಳಲ್ಲಿ ಸಿ.ಐ.ಡಿ. ಎಂದರೆ ಸಭೆಯ ಅಂಚಿನಲ್ಲಿ ನಿಂತು ಭಾಷಣವನ್ನು ಬರೆದುಕೊಂಡು ಹೋಗುವವನು. ನಮ್ಮವನಂತೆ ಕಂಡರೂ ನಮ್ಮವನಲ್ಲದವನು. ಇಂದಿಗೂ ನಮ್ಮ ಕಡೆಯ ಮಾತಿನಲ್ಲಿ, ಮನೆಯ ಸುದ್ದಿಯನ್ನು ಮತ್ತೊಂದು ಮನೆಗೆ ಮುಟ್ಟಿಸುವವನನ್ನು ‘ಸಿ.ಐ.ಡಿ.’ ಎಂದು ಹಂಗಿಸುವುದುಂಟು.

ಸ್ವಾತಂತ್ರ್ಯ ಬಂದು ೨೧ ವರ್ಷಗಳ ತರುವಾಯ ಅದೇ ಹೆಸರನ್ನು ರಾಜಕುಮಾರ್ ಅವರು ಧರಿಸಿ ತೆರೆಗೆ ಬಂದರು. ಅವರು ‘ಬೇಡರ ಕಣ್ಣಪ್ಪ’ (೧೯೫೪), ‘ಭಕ್ತ ಕನಕದಾಸ’ (೧೯೬೦), ‘ರಣಧೀರ ಕಂಠೀರವ’ (೧೯೬೦) ಚಿತ್ರಗಳ ನಾಯಕರು. ಭಕ್ತನಾಗಿಯೂ ದೊರೆಯಾಗಿಯೂ ಜನಮನದಲ್ಲಿ ನಿಂತ ನಟರು ಸೂಟು ತೊಟ್ಟು ಪಿಸ್ತೂಲು ಹಿಡಿದಾಗ, ಆ ವಸ್ತುಗಳಿಗೇ ಒಂದು ಬಗೆಯ ಸಂಸ್ಕಾರವಾಯಿತು. ಪರರ ಬೇಹುಗಾರನು ನಮ್ಮ ರಕ್ಷಕನಾದನು. ಕಾಲವೂ ಇದಕ್ಕೆ ಅನುಕೂಲವಾಗಿದ್ದಿತು. ೧೯೬೨ರ ಮತ್ತು ೧೯೬೫ರ ಯುದ್ಧಗಳ ನೆನಪು ಹಸಿಯಾಗಿತ್ತು. ಭಾರತ ಸರಕಾರವು ಹೊರದೇಶಗಳ ಬೇಹುಗಾರಿಕೆಗಾಗಿ ‘ರಾ’ ಎಂಬ ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿದುದೂ ೧೯೬೮ರಲ್ಲಿಯೇ.

ಇನ್ನು ಕಥಾವಸ್ತುವನ್ನು ಗಮನಿಸಿರಿ. ‘ಜೇಡರ ಬಲೆ’ಯಲ್ಲಿ ದುಷ್ಟರು ಬಯಸುವುದು ಜಗತ್ತನ್ನು ಸುಡುವ ಅಸ್ತ್ರವನ್ನಲ್ಲ, ಕೀಳು ಲೋಹವನ್ನು ಚಿನ್ನವಾಗಿಸುವ ವಿಜ್ಞಾನಿಯ ಸೂತ್ರವನ್ನು. ೧೯೬೩ರ ಚಿನ್ನದ ನಿಯಂತ್ರಣ ನಿಯಮಗಳಿಂದ ಅಕ್ಕಸಾಲಿಗರ ಕೆಲಸ ನಿಂತು, ಮದುವೆಯ ಒಡವೆಗೂ ತಾಪತ್ರಯವಾಗಿದ್ದ ಕಾಲವದು. ಆ ನಿಯಂತ್ರಣವು ಶಾಶ್ವತ ಕಾಯಿದೆಯಾದುದೂ ೧೯೬೮ರಲ್ಲಿ. ಅಂತೆಯೇ ೧೯೬೧ರ ಡಿಸೆಂಬರಿನ ವರೆಗೆ ಪೋರ್ಚುಗೀಸರ ವಶದಲ್ಲಿದ್ದ ಗೋವೆಯು ಉತ್ತರ ಕರ್ನಾಟಕದ ಪ್ರೇಕ್ಷಕನಿಗೆ ನೆರೆಯ ನೆಲವಾದರೂ ಮೊನ್ನೆ ಮೊನ್ನೆಯ ವರೆಗೆ ಪರದೇಶ. ಹೀಗೆ ಸಿ.ಐ.ಡಿ. ೯೯೯ ಕಾದಾಡಿದ್ದು ಪ್ರೇಕ್ಷಕನ ಮನೆಯ ಚಿಂತೆಗಳಿಗೆ ಸಮೀಪವಾದ ರಂಗದಲ್ಲಿ. ಬಾಂಡನು ಕಳೆದುಕೊಂಡವರ ಸಮಾಧಾನವಾದರೆ ೯೯೯ ಆಗತಾನೆ ಪಡೆದವರ ಹುಮ್ಮಸ್ಸು. ಸಮಾಧಾನವನ್ನು ಅಣಕಿಸುವುದು ಸುಲಭ. ಹುಮ್ಮಸ್ಸನ್ನು ಅಣಕಿಸಲು ಮನಸ್ಸು ಬಾರದು.

ನಗು ಈ ಚಿತ್ರಗಳಲ್ಲಿ ಇರಲಿಲ್ಲವೆಂದಲ್ಲ. ನರಸಿಂಹರಾಜು ಅವರ ಹಾಸ್ಯವು ಅಲ್ಲಿ ಉಂಟು. ಆದರೆ ಅದರ ಸ್ಥಾನ ಬೇರೆ. ಬನಶಂಕರಿಯ ಜಾತ್ರೆಯಲ್ಲಿ ವರ್ಷವರ್ಷವೂ ಬೀಡುಬಿಡುವ ನಾಟಕ ಕಂಪನಿಗಳ ಪ್ರಯೋಗವನ್ನು ನೋಡಿದವರು ಈ ವ್ಯವಸ್ಥೆಯನ್ನು ಬಲ್ಲರು. ನಾಯಕನ ಪ್ರವೇಶಕ್ಕೆ ಚಪ್ಪಾಳೆ, ಹಾಸ್ಯಗಾರನ ಪ್ರವೇಶಕ್ಕೆ ನಗು. ನಗುವನ್ನೆಲ್ಲ ಹಾಸ್ಯಗಾರನು ತನ್ನ ಮೇಲೆ ಎಳೆದುಕೊಳ್ಳುವುದರಿಂದ ನಾಯಕನಿಗೆ ಅದರ ಸೋಂಕು ತಗಲುವುದಿಲ್ಲ. ಅಣಕದ ಚಿತ್ರವು ಮಾಡುವುದು ಈ ಕಟ್ಟನ್ನು ಮುರಿಯುವ ಕೆಲಸ. ನಾಯಕನನ್ನೂ ಹಾಸ್ಯಗಾರನನ್ನೂ ಒಂದೇ ದೇಹದಲ್ಲಿಡುವ ಕೆಲಸ.

೪

ಈ ಕೆಲಸ ನಮ್ಮ ಸಾಹಿತ್ಯಕ್ಕೆ ಹೊಸತೇ? ಅಲ್ಲ. ಮಹಾಭಾರತದ ವಿರಾಟಪರ್ವವು ಒಂದು ಅರ್ಥದಲ್ಲಿ ಗೂಢಚಾರಿಕೆಯ ಕಥೆ. ಅಜ್ಞಾತವಾಸದಲ್ಲಿ ಪಾಂಡವರು ವೇಷ ಮರೆಸಿ ಪರರ ಅರಮನೆಯಲ್ಲಿದ್ದಾರೆ. ದುರ್ಯೋಧನನ ಚಾರರು ಅವರನ್ನರಸಿ ಬರಿಗೈಯಲ್ಲಿ ಹಿಂದಿರುಗುತ್ತಾರೆ. ಗುಟ್ಟು ರಟ್ಟಾದರೆ ಮತ್ತೆ ಹನ್ನೆರಡು ವರ್ಷಗಳ ವನವಾಸ. ಇಂತಹ ಕಥೆಯ ನಟ್ಟನಡುವೆ ನಿಂತವನು ಉತ್ತರಕುಮಾರ. ಹೆಂಗಳೆಯರ ಮುಂದೆ ಕೌರವಸೇನೆಯನ್ನೇ ಸಂಹರಿಸುವೆನೆಂದು ಹೊರಟವನು ಅದನ್ನು ಕಣ್ಣಾರೆ ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ಗದುಗಿನ ಕುಮಾರವ್ಯಾಸನ ಕಾವ್ಯದ ಈ ಭಾಗವನ್ನು ಗಮಕಿಗಳು ವಾಚಿಸಿದಾಗ ನಗದವರಿಲ್ಲ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬುದು ಓದುಬಲ್ಲದವರ ಬಾಯಲ್ಲಿಯೂ ಇರುವ ಗಾದೆ.

ಆಲಂಕಾರಿಕರು ಈ ನಗುವಿನ ಲಕ್ಷಣವನ್ನು ಬಹು ಹಿಂದೆಯೇ ಗುರುತಿಸಿದ್ದರು. ಶೃಂಗಾರದ ಅನುಕರಣವು ಹಾಸ್ಯವೆಂದು ಭರತನ ಮತ. ಅದನ್ನು ವಿಸ್ತರಿಸಿ, ಯಾವ ರಸದ ಆಭಾಸವೂ ಹಾಸ್ಯಕ್ಕೆ ಎಡೆಯಾಗಬಲ್ಲದೆಂದು ಅಭಿನವಗುಪ್ತನು ವ್ಯಾಖ್ಯಾನಿಸಿದನು. ವೀರಕ್ಕೆ ತಕ್ಕ ಮಾತು, ವೇಷ, ನಿಲುವು ಎಲ್ಲವೂ ಇದ್ದು, ಅದಕ್ಕೆ ಆಧಾರವಾದ ಉತ್ಸಾಹವಾಗಲಿ ಸಾಮರ್ಥ್ಯವಾಗಲಿ ಇಲ್ಲದಿದ್ದಲ್ಲಿ ಅದು ವೀರಾಭಾಸ, ನೋಡುವವನಿಗೆ ಹಾಸ್ಯ. ಬೇಹುಗಾರನ ಅಣಕವು ಈ ವೀರಾಭಾಸವೇ. ಹಾಗಾದುದರಿಂದ ಒಂದು ನಿಬಂಧನೆಯೂ ಇದರಿಂದ ಹೊರಡುತ್ತದೆ: ವೀರವನ್ನು ಬಲ್ಲವನಿಗಲ್ಲದೆ ವೀರಾಭಾಸವು ಹಾಸ್ಯವಾಗಿ ತೋರದು. ಮೂಲವನ್ನು ಪ್ರೀತಿಸದವನಿಗೆ ಅಣಕವು ರುಚಿಸುವುದಿಲ್ಲ.

ಆದರೆ ಉತ್ತರನ ಕಥೆ ಓಟದಲ್ಲಿ ಮುಗಿಯುವುದಿಲ್ಲವೆಂಬುದನ್ನು ನಾವು ಮರೆಯುತ್ತೇವೆ. ಬೃಹನ್ನಳೆಯು ಅವನನ್ನು ಬೆನ್ನಟ್ಟಿ ಹಿಡಿದು ಮತ್ತೆ ರಥಕ್ಕೆ ತರುತ್ತಾಳೆ. ಹೆದರಿದವನೇ ಸಾರಥಿಯಾಗಿ, ಅರ್ಜುನನ ರಥವನ್ನು ಭೀಷ್ಮದ್ರೋಣರ ಬಾಣಗಳ ನಡುವೆ ನಡೆಸುತ್ತಾನೆ. ಊರಿಗೆ ಹಿಂದಿರುಗಿದಾಗ ಜಯವೆಲ್ಲವೂ ಅವನದೆಂದೇ ತಂದೆಯು ಹಿಗ್ಗುತ್ತಿರಲು, ಗೆದ್ದವನು ತಾನಲ್ಲವೆಂದು ಉತ್ತರನೇ ಒಪ್ಪಿಕೊಳ್ಳುತ್ತಾನೆ. ಬಡಾಯಿಯಿಂದ ಆರಂಭವಾದವನು ಸತ್ಯದಲ್ಲಿ ನಿಲ್ಲುತ್ತಾನೆ. ಪಶ್ಚಿಮದ ಅಣಕಚಿತ್ರಗಳ ನಾಯಕನಲ್ಲಿ ಈ ಬೆಳವಣಿಗೆ ಸಾಮಾನ್ಯವಾಗಿ ಕಾಣುವುದಿಲ್ಲ. ‘ಜಾನಿ ಇಂಗ್ಲಿಷ್’ (೨೦೦೩) ಚಿತ್ರದ ನಾಯಕನು ಶತ್ರುವಿನ ಕಟ್ಟಡವೆಂದು ಭ್ರಮಿಸಿ ಆಸ್ಪತ್ರೆಯೊಂದರ ಮೇಲಿಳಿದು ಅಲ್ಲಿನವರನ್ನು ಬೆದರಿಸುತ್ತಾನೆ; ಕೊನೆಗೂ ಅವನು ಗೆಲ್ಲುವುದು ಅದೃಷ್ಟದಿಂದ, ಕಲಿತದ್ದರಿಂದಲ್ಲ. ಆ ಹಾಸ್ಯ ಕೀಳೆಂದು ನಾನು ಹೇಳುತ್ತಿಲ್ಲ; ಅದರ ಗುರಿ ಬೇರೆ. ಅದಕ್ಕೆ ಬೇಕಾದುದು ಅಧಿಕಾರದ ಪತನ. ಉತ್ತರನ ಕಥೆಗೆ ಬೇಕಾದುದು ಹುಡುಗನ ಉದ್ಧಾರ.

೫

‘ಬೆಲ್ ಬಾಟಂ’ ಚಿತ್ರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಟಿ. ಕೆ. ದಯಾನಂದ ಅವರ ಕಥೆಯನ್ನು ಆಧರಿಸಿದ ಈ ಚಿತ್ರವು ೧೯೮೦ರ ದಶಕದಲ್ಲಿ ನಡೆಯುತ್ತದೆ. ರಿಷಬ್ ಶೆಟ್ಟಿ ಅವರು ಅಭಿನಯಿಸಿದ ದಿವಾಕರನು ಬಾಲ್ಯದಿಂದಲೂ ಪತ್ತೇದಾರಿ ಕಾದಂಬರಿಗಳನ್ನು ಓದಿ, ರಾಜಕುಮಾರ್ ಅವರ ಸಿ.ಐ.ಡಿ. ಚಿತ್ರಗಳನ್ನು ನೋಡಿ, ತಾನೂ ಪತ್ತೇದಾರನಾಗಬೇಕೆಂದು ಕನಸು ಕಂಡವನು. ವಿಧಿಯು ಅವನಿಗೆ ಕೊಟ್ಟುದು ಪೊಲೀಸ್ ಪೇದೆಯ ಕೆಲಸವನ್ನು. ಪೊಲೀಸ್ ಠಾಣೆಗಳಲ್ಲಿಯೇ ಒಂದರ ಹಿಂದೊಂದು ಕಳವುಗಳಾಗುವುದು ಅವನ ಮುಂದೆ ಬರುವ ಸಮಸ್ಯೆ. ಕಾಯುವವರ ಮನೆಯಲ್ಲಿಯೇ ಕನ್ನ! ಅಧಿಕಾರದ ಅಣಕಕ್ಕೆ ಇದಕ್ಕಿಂತ ಸಹಜವಾದ ವಸ್ತು ಬೇಕೇ?

ಇಲ್ಲಿ ಗಮನಿಸತಕ್ಕ ಅಂಶವೆಂದರೆ ಚಿತ್ರವು ಸಿ.ಐ.ಡಿ. ೯೯೯ನನ್ನು ಎಲ್ಲಿಯೂ ಹಳಿಯುವುದಿಲ್ಲ. ಅದು ನಗುವುದು ೯೯೯ನನ್ನು ಕಂಡು ಬೆರಗಾಗಿ ಅವನಂತೆ ಪ್ಯಾಂಟು ತೊಟ್ಟು, ಅವನಂತೆ ನಡೆಯಹೊರಟ ಚಿಕ್ಕ ಊರಿನ ಹುಡುಗನನ್ನು. ಆ ಹುಡುಗನು ಯಾರು? ಒಂದು ಕಾಲದ ಕನ್ನಡ ಪ್ರೇಕ್ಷಕನೇ. ನಾಲ್ಕನೆಯ ತರಗತಿಯ ವರೆಗೆ ಮಾತ್ರ ಓದಿ ೫೦೦ಕ್ಕೂ ಮಿಕ್ಕಿ ಕಾದಂಬರಿಗಳನ್ನು ರಚಿಸಿದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆಯ ಗ್ರಂಥಾಲಯದಿಂದ ತಂದು, ಪಠ್ಯಪುಸ್ತಕದೊಳಗೆ ಮರೆಸಿಟ್ಟು ಓದಿದ ಸಾವಿರಾರು ಹುಡುಗರಲ್ಲಿ ಒಬ್ಬನು. ವಿದ್ವಾಂಸರು ಆ ಕಾದಂಬರಿಗಳನ್ನು ಬಹುಕಾಲ ಸಾಹಿತ್ಯವೆಂದು ಎಣಿಸಲಿಲ್ಲ. ಆದರೆ ಎಷ್ಟೋ ಮಂದಿಗೆ ಓದುವ ಚಟ ಹತ್ತಿದುದು ಅವುಗಳಿಂದಲೇ. ದಿವಾಕರನನ್ನು ಕಂಡು ನಗುವಾಗ ಪ್ರೇಕ್ಷಕನು ತನ್ನ ಹದಿನಾಲ್ಕನೆಯ ವಯಸ್ಸನ್ನು ಕಂಡು ನಗುತ್ತಾನೆ. ಪರರನ್ನು ಕಂಡು ನಗುವುದೂ ತನ್ನನ್ನು ತಾನೇ ಕಂಡು ನಗುವುದೂ ಇಲ್ಲಿ ಒಂದಾಗುತ್ತವೆ. ಕನ್ನಡದ ಗೂಢಚಾರ ಅಣಕದ ವಿಶಿಷ್ಟ ಆಕರ್ಷಣೆ ಇದೆಂದು ನಾನು ಭಾವಿಸುತ್ತೇನೆ. ೫೧ ವರ್ಷಗಳ ವಿಳಂಬಕ್ಕೂ ಇದರಿಂದ ಅರ್ಥ ದೊರೆಯುತ್ತದೆ: ಬೆರಗುಪಟ್ಟ ಹುಡುಗನು ದೊಡ್ಡವನಾಗಿ, ತನ್ನ ಬೆರಗನ್ನು ಪ್ರೀತಿಯಿಂದ ಹಿಂದಿರುಗಿ ನೋಡುವಷ್ಟು ದೂರ ಸಾಗಬೇಕಾಗಿದ್ದಿತು.

ಚಿತ್ರದಲ್ಲಿ ದೋಷಗಳಿಲ್ಲದಿಲ್ಲ. ಪೂರ್ವಾರ್ಧದಲ್ಲಿ ಪತ್ತೇದಾರಿಯ ರೂಢಿಗಳನ್ನು ಕಂಡು ನಕ್ಕ ಚಿತ್ರವು ಉತ್ತರಾರ್ಧದಲ್ಲಿ ಅದೇ ರೂಢಿಗಳಿಗೆ ಶರಣಾಗುತ್ತದೆ. ಗುಟ್ಟು ಬಿಡಿಸುವ ಹೊತ್ತಿಗೆ ದಿವಾಕರನು ಬಹುಮಟ್ಟಿಗೆ ಇನ್ನೊಬ್ಬ ೯೯೯ನೇ ಆಗಿಬಿಡುತ್ತಾನೆ. ಉತ್ತರನು ಗೆದ್ದವನು ತಾನಲ್ಲವೆಂದು ಒಪ್ಪಿಕೊಂಡನು. ದಿವಾಕರನಿಗೆ ಅಂತಹ ಗಳಿಗೆಯನ್ನು ಚಿತ್ರಕಾರರು ಕೊಡಲಿಲ್ಲ. ಹರಿಪ್ರಿಯಾ ಅವರು ಅಭಿನಯಿಸಿದ ಕುಸುಮೆಯ ಪಾತ್ರಕ್ಕೆ ಚುರುಕು ಇದ್ದರೂ, ನಾಯಕನ ಕನಸಿಗೆ ದೊರೆತ ಸಹಾನುಭೂತಿಯಲ್ಲಿ ಅರ್ಧವೂ ಅವಳ ಬದುಕಿಗೆ ದೊರೆತಿಲ್ಲ. ಅಣಕಕ್ಕೆ ಒಳಗಾದ ಸರಣಿಯಲ್ಲಿ ಹೆಣ್ಣಿಗಿದ್ದ ಸ್ಥಾನವನ್ನು ಅಣಕವೂ ಪ್ರಶ್ನಿಸದೆ ಬಿಟ್ಟಿತೆಂಬುದು ವಿಷಾದದ ಸಂಗತಿ. ಇಷ್ಟಾದರೂ, ನಗುವಿಗೆ ಕ್ರೌರ್ಯವನ್ನು ಬೆರೆಸದೆ ಎರಡು ತಲೆಮಾರುಗಳನ್ನು ಒಂದೇ ಮಂದಿರದಲ್ಲಿ ಕೂಡಿಸಿದ ಶ್ರೇಯಸ್ಸು ಈ ಚಿತ್ರಕ್ಕೆ ಸಲ್ಲತಕ್ಕದ್ದು.

೬

ಈಗ ನನ್ನ ತರಗತಿಯ ನಗುವಿಗೆ ಹಿಂದಿರುಗಬೇಕು. ಅದು ‘ಬೆಲ್ ಬಾಟಂ’ ಹುಟ್ಟಿಸಿದ ನಗುವಲ್ಲ. ಹಳೆಯ ಗಂಭೀರ ಚಿತ್ರವನ್ನೇ ಅಣಕವೆಂಬಂತೆ ನೋಡಿ ನಗುವ ಪರಿ ಇಂದು ವ್ಯಾಪಕವಾಗಿದೆ. ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ರಾಜಕುಮಾರ್ ಅವರು ಹಾಡಿದ ಇಂಗ್ಲಿಷ್ ಹಾಡು ಇದಕ್ಕೆ ಪ್ರಸಿದ್ಧ ನಿದರ್ಶನ. ಆ ದೃಶ್ಯವು ಅಂತರಜಾಲದಲ್ಲಿ ಹರಡಿ, ಕನ್ನಡವನ್ನೇ ಅರಿಯದವರಿಗೂ ವಿನೋದದ ವಸ್ತುವಾಯಿತು. ಉಚ್ಚಾರಣೆ, ಉಡುಪು, ಹೆಜ್ಜೆ ಒಂದೊಂದೂ ನಗೆಗೀಡಾಯಿತು. ಚಿತ್ರಕಾರರು ಯೋಚಿಸದಿದ್ದ ಅಣಕವನ್ನು ಕಾಲವೇ ರಚಿಸಿತೆನ್ನಬೇಕು.

ಈ ನಗುವಿನಲ್ಲಿ ಎರಡು ಬಗೆಯನ್ನು ಕಾಣುತ್ತೇನೆ. ಮೂರನೆಯ ತರಗತಿಯಲ್ಲಿ ಶಾಲೆ ಬಿಟ್ಟು ನಾಟಕ ಕಂಪನಿಯಲ್ಲಿ ಬೆಳೆದ ನಟರೊಬ್ಬರು ಪರಭಾಷೆಯಲ್ಲಿ ಹಾಡಲು ಧೈರ್ಯಮಾಡಿದುದನ್ನು ತಿಳಿದು, ಆ ಧೈರ್ಯಕ್ಕೆ ತಲೆದೂಗುತ್ತಲೇ ನಗುವುದು ಒಂದು. ಅದು ತಿಳಿಯದೆ, ತಿಳಿಯುವ ಇಚ್ಛೆಯೂ ಇಲ್ಲದೆ, ಇಂದಿನವನು ತಾನೆಂಬ ಹೆಮ್ಮೆಯಿಂದ ನಗುವುದು ಇನ್ನೊಂದು. ಮೊದಲನೆಯದು ಹಾಸ್ಯ, ಎರಡನೆಯದು ಅಪಹಾಸ್ಯ. ಹೊರಗಿನಿಂದ ನೋಡಿದರೆ ಎರಡರ ಸದ್ದೂ ಒಂದೇ. ಅಂದು ತರಗತಿಯಲ್ಲಿ ನನ್ನದು ಯಾವ ನಗುವಾಗಿತ್ತೆಂದು ನನ್ನನ್ನೇ ಕೇಳಿಕೊಂಡಾಗ ದೊರೆತ ಉತ್ತರ ನನಗೆ ಗೌರವ ತರತಕ್ಕದ್ದಾಗಿರಲಿಲ್ಲ. ಸಿ.ಐ.ಡಿ. ಎಂಬ ಹೆಸರಿನ ಚರಿತ್ರೆಯನ್ನು ಹುಡುಕಲು ನಾನು ತೊಡಗಿದುದು ಅದಾದ ಮೇಲೆ.

ಮುಂದಿನ ಪಾಠದಲ್ಲಿ ಆ ಮೂರು ಅಕ್ಷರಗಳ ಕಥೆಯನ್ನೂ, ಚಿನ್ನದ ನಿಯಂತ್ರಣದ ಸಂಗತಿಯನ್ನೂ, ಎರಡು ಯುದ್ಧಗಳ ವಿಷಯವನ್ನೂ ಹೇಳಿ ಅವೇ ದೃಶ್ಯಗಳನ್ನು ಮತ್ತೊಮ್ಮೆ ತೋರಿಸಿದೆನು. ವಿದ್ಯಾರ್ಥಿಗಳು ಆಗಲೂ ನಕ್ಕರು; ನಗಬಾರದೆಂದು ನಾನೂ ಬಯಸಿರಲಿಲ್ಲ. ಆದರೆ ನಾಯಕನು ಶತ್ರುವಿನ ಎದುರು ಒಬ್ಬಂಟಿಯಾಗಿ ನಿಂತ ಕಡೆ ಕೆಲಹೊತ್ತು ಕೊಠಡಿ ನಿಶ್ಶಬ್ದವಾಯಿತು.